ಬಿಲ್‌ನಲ್ಲಿ ಹೊಸ ಫಿಲ್ಟರ್, ಕಾರಿನಲ್ಲಿ ಹಳೇದು: ನಂಬುವಂಥ ಮೇಸ್ತ್ರಿಯನ್ನು ಹುಡುಕುವುದು ಹೇಗೆ?

ಬೆಣ್ಣೆನಗರಿ

ಎಲ್ಲರಿಗೂ ನಮಸ್ಕಾರ. ಮನಸ್ಸಿಗೆ ತುಂಬಾ ಬೇಜಾರಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು 2014ರ ಪೆಟ್ರೋಲ್ ಸ್ವಿಫ್ಟ್. ವಾರಂಟಿ ಮುಗಿದಾಗಿನಿಂದ ಒಬ್ಬರೇ ಮೇಸ್ತ್ರಿ ನೋಡಿಕೊಳ್ಳುತ್ತಿದ್ದರು. ದಾವಣಗೆರೆ ಪಿ.ಬಿ. ರಸ್ತೆಯಿಂದ ಒಳಗೆ ಹೋದರೆ ಅವರ ತಗಡಿನ ಶೆಡ್ಡು. ಅವರಿಗೊಂದು ಅಭ್ಯಾಸ ಇತ್ತು. ಹೊಸ ಆಯಿಲ್ ಫಿಲ್ಟರ್ ಕೂರಿಸುವ ಮೊದಲು ಅದರ ಮೇಲೆ ಬಿಳಿ ಪೇಂಟ್ ಪೆನ್ನಿನಲ್ಲಿ ಕಿಲೋಮೀಟರ್ ಬರೆಯುತ್ತಿದ್ದರು. ಏಳಕ್ಕೆ ಅಡ್ಡಗೀಟು ಹಾಕುವ ಅವರ ಕೈಬರಹ ನನಗೆ ಚೆನ್ನಾಗಿ ಗೊತ್ತು. ಮಂಡಿನೋವು ಜಾಸ್ತಿಯಾಗಿ ಹೋದ ವರ್ಷ ಶೆಡ್ಡು ಮುಚ್ಚಿ ಮಗನ ಊರಿಗೆ ಹೋದರು.

ಈ ಸಲ ಹೊಸ ಜಾಗಕ್ಕೆ ಹೋದೆ. ಗಾಜಿನ ಬಾಗಿಲು, ಎಸಿ ರೂಮು, ಕಾಫಿ ಎಲ್ಲಾ ಇತ್ತು. ಕಾರು ಒಳಗೆ ಹೋಯಿತು, ನನ್ನನ್ನು ಮಾತ್ರ ಬಿಡಲಿಲ್ಲ. ಎರಡು ಗಂಟೆ ಆದ ಮೇಲೆ 6,850 ರೂಪಾಯಿ ಬಿಲ್ ಕೈಗಿಟ್ಟರು. ಸಿಂಥೆಟಿಕ್ ಆಯಿಲ್, ಆಯಿಲ್ ಫಿಲ್ಟರ್, ಇಂಜಿನ್ ಫ್ಲಷ್, ಥ್ರಾಟಲ್ ಕ್ಲೀನಿಂಗ್, ಇಂಜಿನ್ ಡ್ರೆಸ್ಸಿಂಗ್. ಕೊಟ್ಟು ಬಂದೆ.

ಮೂರು ವಾರ ಆಗಿತ್ತು. ಮೊನ್ನೆ ವೀಲ್ ಅಲೈನ್‌ಮೆಂಟ್‌ಗೆ ಅಂತ ಬೇರೆ ಅಂಗಡಿಗೆ ಹೋಗಿದ್ದೆ. ಕಾರು ಲಿಫ್ಟ್ ಮೇಲಿತ್ತು. ಸುಮ್ನೆ ಅಡಿಗೆ ಹೋಗಿ ನೋಡಿದೆ. ಫಿಲ್ಟರ್ ಮೇಲೆ ಧೂಳು ಮೆತ್ತಿಕೊಂಡಿತ್ತು. ಬೆರಳಿನಲ್ಲಿ ಒರೆಸಿದರೆ ಬಿಳಿ ಅಂಕಿ: 71,240. ಏಳಕ್ಕೆ ಅಡ್ಡಗೀಟು. ನನ್ನ ಕಾರು ಈಗ 83,000 ದಾಟಿದೆ.

ಇನ್ನೂರು ರೂಪಾಯಿ ಆಸುಪಾಸಿನ ಸಾಮಾನಿಗೇ ಹೀಗೆ ಮಾಡಿದ್ದಾರೆ. ಹಾಗಾದರೆ ಆಯಿಲ್ ಆದರೂ ಬದಲಾಯಿಸಿದರೋ ಇಲ್ಲವೋ? ಈಗ ನಾನೇನು ಮಾಡಲಿ? ಮುಂದಕ್ಕೆ ನಂಬಬಹುದಾದ ಮೇಸ್ತ್ರಿಯನ್ನು ಹೇಗೆ ಹುಡುಕುವುದು? ಗೊತ್ತಿರುವವರು ದಯವಿಟ್ಟು ಹೇಳಿ.

ಕೆಂಗೇರಿ ಕ್ಯಾಬ್

ಅಣ್ಣ, ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ. ಫಿಲ್ಟರ್ ಮೇಲಿನ ಅಂಕಿ, ಮೀಟರ್‌ನಲ್ಲಿರುವ ಕಿಲೋಮೀಟರ್, ಬಿಲ್ಲು, ಮೂರೂ ಬೇಕು. ಆಮೇಲೆ ಗಲಾಟೆ ಮಾಡದೆ ಹೋಗಿ ಕೇಳಿ.

ಆಯಿಲ್ ಬದಲಾಯಿಸಿದ್ದಾರಾ ಅಂತ ನೋಡೋಕೆ ಡಿಪ್‌ಸ್ಟಿಕ್ (ಇಂಜಿನ್ನಿನ ಆಯಿಲ್ ಅಳೆಯುವ ಕಡ್ಡಿ) ಎಳೆದು ಬಿಳಿ ಬಟ್ಟೆಗೆ ಒರೆಸಿ. ಪೆಟ್ರೋಲ್ ಗಾಡಿಯಲ್ಲಿ ಮೂರು ವಾರಕ್ಕೆ ಆಯಿಲ್ ಸಾಮಾನ್ಯವಾಗಿ ಜೇನಿನ ಬಣ್ಣದಲ್ಲೋ ತೆಳು ಕಂದು ಬಣ್ಣದಲ್ಲೋ ಇರುತ್ತದೆ. ಟಾರಿನ ಥರ ಕಪ್ಪಗಿದ್ದರೆ ಅನುಮಾನ ಪಡಿ. ಡೀಸೆಲ್ ಗಾಡಿಗೆ ಈ ಲೆಕ್ಕ ನಡೆಯಲ್ಲ. ನನ್ನ ಗಾಡಿ ಡೀಸೆಲ್. ಹೊಸ ಆಯಿಲ್ ಹಾಕಿ ಏರ್‌ಪೋರ್ಟ್‌ಗೆ ಒಂದು ಟ್ರಿಪ್ ಹೊಡೆದು ಬಂದರೆ ಸಾಕು, ಕಪ್ಪಾಗಿರುತ್ತದೆ. ಅದು ಮಸಿ, ಮೋಸ ಅಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಒಳ್ಳೆ ಮೇಸ್ತ್ರಿಗಳ ಜೊತೆ ಜಗಳ ಆಡುತ್ತಾರೆ.

ಹಾಸನದ ಗ್ಯಾರೇಜು

ನಾನು ಹಾಸನದಲ್ಲಿ 22 ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದೇನೆ. ಬೆಣ್ಣೆನಗರಿಯವರ ಮಾತು ಓದಿ ಸಂಕಟ ಆಯಿತು. ಇಂಥವರಿಂದ ನಮ್ಮ ಕಸುಬಿಗೇ ಕೆಟ್ಟ ಹೆಸರು. ಆಯಿಲ್ ಚೇಂಜ್ ಅಂದರೆ ನಿಜವಾಗಿ ಏನು ಕೆಲಸ ಅಂತ ಹೇಳುತ್ತೇನೆ. ಇದು ಗೊತ್ತಿದ್ದರೆ ಯಾರೂ ನಿಮಗೆ ಸುಲಭವಾಗಿ ಮೋಸ ಮಾಡೋಕಾಗಲ್ಲ.

ಗಾಡಿ ಸಮತಟ್ಟಾದ ಜಾಗದಲ್ಲಿ ನಿಲ್ಲಬೇಕು. ಇಂಜಿನ್ ಸ್ವಲ್ಪ ಬೆಚ್ಚಗಿರಬೇಕು. ಐದು ನಿಮಿಷ ಓಡಿಸಿ ಆಫ್ ಮಾಡಿದರೆ ಸಾಕು. ತಣ್ಣಗಿದ್ದರೆ ಆಯಿಲ್ ನಿಧಾನಕ್ಕೆ ಇಳಿಯುತ್ತದೆ, ಕೊಳೆ ಚೇಂಬರಿನಲ್ಲೇ, ಅಂದರೆ ಇಂಜಿನ್ ಅಡಿಯ ಆಯಿಲ್ ತೊಟ್ಟಿಯಲ್ಲೇ, ಉಳಿಯುತ್ತದೆ. ತುಂಬಾ ಬಿಸಿ ಇದ್ದರೆ ಕೈ ಸುಡುತ್ತದೆ. ಮೇಲೆ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಕೆಳಗೆ ಚೇಂಬರಿನ ಡ್ರೈನ್ ಬೋಲ್ಟ್ ಬಿಚ್ಚಬೇಕು. ಮೊದಲು ಹೆಬ್ಬೆರಳು ಗಾತ್ರದ ಧಾರೆ ಬರುತ್ತದೆ, ಆಮೇಲೆ ದಾರದಷ್ಟಾಗುತ್ತದೆ, ಕೊನೆಗೆ ತೊಟ್ಟಿಕ್ಕುತ್ತದೆ. ಆ ತೊಟ್ಟು ನಿಲ್ಲುವವರೆಗೆ ಕಾಯಬೇಕು. ಹತ್ತು ಹದಿನೈದು ನಿಮಿಷ ಬೇಕು. ಧಾರೆ ನಿಂತ ತಕ್ಷಣ ಬೋಲ್ಟ್ ಹಾಕಿಬಿಟ್ಟರೆ ಹಳೇ ಆಯಿಲ್ ಅಲ್ಲೇ ಉಳಿಯುತ್ತದೆ.

ಬೋಲ್ಟಿಗೆ ಒಂದು ವಾಷರ್ ಇರುತ್ತದೆ. ಅಲ್ಯೂಮಿನಿಯಂ ಅಥವಾ ತಾಮ್ರದ್ದು. ಒಂದು ಸಲ ಬಿಗಿ ಮಾಡಿದರೆ ಚಪ್ಪಟೆಯಾಗಿ ಕೂರುತ್ತದೆ, ಅದಕ್ಕೆ ಪ್ರತಿ ಸಲ ಹೊಸದು ಹಾಕಬೇಕು. ಬೆಲೆ ತೀರಾ ಕಡಿಮೆ. ಆದರೂ ಎಷ್ಟೋ ಕಡೆ ಹಾಕಲ್ಲ, ಬದಲಿಗೆ ಬೋಲ್ಟನ್ನೇ ಜೋರಾಗಿ ಬಿಗಿ ಮಾಡುತ್ತಾರೆ. ಅಲ್ಲೇ ಅನಾಹುತ ಶುರುವಾಗುವುದು. ಸ್ವಿಫ್ಟಿನ ಕೈಪಿಡಿಯಲ್ಲಿ ಆ ಬೋಲ್ಟಿಗೆ 35 ನ್ಯೂಟನ್ ಮೀಟರ್ ಬಿಗಿ ಅಂತ ಇದೆ. ರಿಂಗ್ ಸ್ಪ್ಯಾನರಿನಲ್ಲಿ ಕೈಯ ಹದಕ್ಕೆ ಬಿಗಿ ಮಾಡಿದರೆ ಸಾಕು. ಅದಕ್ಕೆ ಇಂಪ್ಯಾಕ್ಟ್ ಗನ್ (ಜೋರಾಗಿ ಬಿಗಿ ಮಾಡುವ ಮೆಷಿನ್ನು) ಹಾಕುವವರನ್ನು ಕಂಡರೆ ನಾನು ನನ್ನ ಹುಡುಗರಿಗೆ ಬೈಯುವ ಹಾಗೇ ಬೈಯುತ್ತೇನೆ. ಥ್ರೆಡ್ ಹೋದರೆ ಚೇಂಬರನ್ನೇ ಇಳಿಸಬೇಕಾಗುತ್ತದೆ.

ಇನ್ನು ಫಿಲ್ಟರ್. ಹಳೇದನ್ನು ಬಿಚ್ಚಿದಾಗ ಅದರ ಕಪ್ಪು ರಬ್ಬರ್ ರಿಂಗು ಅದರ ಜೊತೆಯಲ್ಲೇ ಬಂತಾ ಅಂತ ನೋಡಬೇಕು. ಕೆಲವು ಸಲ ರಿಂಗು ಇಂಜಿನ್ನಿಗೇ ಅಂಟಿಕೊಂಡಿರುತ್ತದೆ. ಗಮನಿಸದೆ ಹೊಸ ಫಿಲ್ಟರ್ ಹಾಕಿದರೆ ರಿಂಗಿನ ಮೇಲೆ ರಿಂಗು ಕೂರುತ್ತದೆ. ಅಲ್ಲಿ ಸೋರುವುದಿಲ್ಲ ಅನ್ನಿಸುತ್ತದೆ. ಹೈವೇಗೆ ಹೋಗಿ ಪ್ರೆಷರ್ ಏರಿದಾಗ ಜಾರಿ ಆಯಿಲ್ ಪೂರ್ತಿ ಚೆಲ್ಲುತ್ತದೆ. ಹೊಸ ಫಿಲ್ಟರಿನ ರಿಂಗಿಗೆ ಬೆರಳಿನಲ್ಲಿ ಹೊಸ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ, ರಿಂಗು ತಾಗಿದ ಮೇಲೆ ಇನ್ನು ಮುಕ್ಕಾಲು ಸುತ್ತು. ಅಷ್ಟೇ.

ಆಯಿಲ್ ಹಾಕುವಾಗ ಡಬ್ಬ ಪೂರ್ತಿ ಸುರಿಯಬಾರದು. ಮಾರ್ಕೆಟ್ಟಿನಲ್ಲಿ 3.5 ಲೀಟರ್ ಡಬ್ಬ ಸಿಗುತ್ತದೆ, ನಿಮ್ಮ ಸ್ವಿಫ್ಟಿಗೆ ಬೇಕಾಗುವುದು ಮೂರು ಲೀಟರಿಗಿಂತ ಸ್ವಲ್ಪ ಜಾಸ್ತಿ. ಉಳಿದದ್ದನ್ನು ನಿಮ್ಮ ಕೈಗೆ ಕೊಡಬೇಕು. ಜಾಸ್ತಿ ತುಂಬಿದರೆ ಒಳ್ಳೇದು ಅಂತ ಕೆಲವರು ತಿಳಿದಿದ್ದಾರೆ. ಲೆವೆಲ್ ತೀರಾ ಮೇಲೆ ಹೋದರೆ ಇಂಜಿನ್ ಒಳಗಿನ ಕ್ರ್ಯಾಂಕ್ ದಂಡ ತಿರುಗುವಾಗ ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಮಾಡುತ್ತದೆ. ನೊರೆಗೆ ಜಾರಿಸುವ ಶಕ್ತಿ ಇಲ್ಲ. ಕೊನೆಗೆ ಇಂಜಿನ್ ಸ್ಟಾರ್ಟ್ ಮಾಡಿ, ಕೆಂಪು ಲೈಟು ಆರಿದ್ದು ನೋಡಿ, ಆಫ್ ಮಾಡಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಬೇಕು. ಬಗ್ಗಿ ಬೋಲ್ಟು, ಫಿಲ್ಟರು ಒಣಗಿವೆಯಾ ಅಂತ ನೋಡಬೇಕು.

ಇಷ್ಟಕ್ಕೆ ಮುಕ್ಕಾಲು ಗಂಟೆ. ಇದರಲ್ಲಿ ಇಂಜಿನ್ ಒಳಗೆ ತೊಳೆಯುವ ಫ್ಲಷ್ ಎಲ್ಲಿ ಬಂತು? ಸರಿಯಾದ ಟೈಮಿಗೆ ಆಯಿಲ್ ಬದಲಾಯಿಸಿದ ಗಾಡಿಗೆ ಅದು ಬೇಡ. ಡ್ರೆಸ್ಸಿಂಗ್ ಅಂದರೆ ಇಂಜಿನ್ ಮೇಲಿನ ಪ್ಲಾಸ್ಟಿಕ್ಕಿಗೆ ಹೊಳಪು, ಅದರಿಂದ ಇಂಜಿನ್ನಿಗೆ ಏನೂ ಆಗಲ್ಲ.

ಹಳೇ ಅಂಬಾಸಿಡರ್

ಹಾಸನದವರು ಚೆನ್ನಾಗಿ ಬರೆದಿದ್ದಾರೆ. ನನ್ನದೊಂದು ಮಾತು. ನಮ್ಮ ಬಳ್ಳಾರಿ ಬಿಸಿಲಿಗೆ ಈ ನೀರಿನಂಥ 5ಡಬ್ಲ್ಯು-30 ಆಯಿಲ್ ತಡೆಯುತ್ತದಾ? ನಾವು ಅಂಬಾಸಿಡರಿಗೆ 20ಡಬ್ಲ್ಯು-40 ಹಾಕುತ್ತಿದ್ದೆವು. ದಪ್ಪ ಆಯಿಲ್ ಇದ್ದರೆ ಇಂಜಿನ್ನಿಗೆ ಕಾವಲು ಇದ್ದ ಹಾಗೆ.

ಹಾಸನದ ಗ್ಯಾರೇಜು

ಸರ್, ನಿಮ್ಮ ಗಾಡಿಗೆ ಅದೇ ಸರಿ ಇತ್ತು. ಆ ಇಂಜಿನ್ನನ್ನು ಮಾಡಿದ್ದೇ ಆ ಆಯಿಲ್ಲಿಗೆ. ಈಗಿನ ಇಂಜಿನ್ನಿನಲ್ಲಿ ಸಂದುಗಳು ಬಹಳ ಸಣ್ಣವು. ವಾಲ್ವ್ ಟೈಮಿಂಗ್ ಬದಲಾಯಿಸುವ ಭಾಗವೂ ಆಯಿಲ್ ಪ್ರೆಷರ್ ಮೇಲೆ ಕೆಲಸ ಮಾಡುತ್ತದೆ. ದಪ್ಪ ಆಯಿಲ್ ಹಾಕಿದರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮೇಲಿನವರೆಗೆ ಏರೋಕೆ ತಡ ಆಗುತ್ತದೆ. ಜಾಸ್ತಿ ಸವೆತ ಆಗುವುದೇ ಆಗ.

ಡಬ್ಬದ ಮೇಲಿನ ಅಂಕಿಯಲ್ಲಿ ಡಬ್ಲ್ಯು ಅಂದರೆ ಚಳಿಗಾಲ. ಅದರ ಹಿಂದಿನ ಅಂಕಿ ತಣ್ಣಗಿದ್ದಾಗಿನದು, ಮುಂದಿನದು 100 ಡಿಗ್ರಿ ಬಿಸಿಯಲ್ಲಿ ಎಷ್ಟು ದಪ್ಪ ಅನ್ನುವುದು. ಬಳ್ಳಾರಿಯಲ್ಲಿ ಹೊರಗೆ 42 ಡಿಗ್ರಿ ಇರಲಿ, ಮಡಿಕೇರಿಯಲ್ಲಿ 15 ಇರಲಿ, ಗಾಡಿ ಬಿಸಿಯಾದ ಮೇಲೆ ಒಳಗಿನ ಆಯಿಲ್ ನೂರರ ಆಸುಪಾಸಿನಲ್ಲೇ ಇರುತ್ತದೆ. ಅದಕ್ಕೇ ಕೈಪಿಡಿಯಲ್ಲಿ ಏನಿದೆಯೋ ಅದನ್ನೇ ಹಾಕಿ.

ಬಿಎಸ್6 (ಈಗಿನ ಹೊಗೆ ನಿಯಮದ) ಡೀಸೆಲ್ ಗಾಡಿ ಇರುವವರು ಇನ್ನೂ ಎಚ್ಚರ ಇರಬೇಕು. ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಇದ್ದರೆ ಕಡಿಮೆ ಬೂದಿಯ ಆಯಿಲ್ಲೇ ಬೇಕು. ಡಬ್ಬದ ಮೇಲೆ ಸಿ2, ಸಿ3 ಅಂತ ಇರುತ್ತದೆ. ಸಿಕ್ಕಿದ್ದು ಹಾಕಿದರೆ ಬೂದಿ ತುಂಬಿ ಡಿಪಿಎಫ್ ಹಾಳಾಗುತ್ತದೆ. ಅದರ ಬೆಲೆ ಕೇಳಿದರೆ ಎದೆ ಒಡೆಯುತ್ತದೆ.

ಹಳೇ ಅಂಬಾಸಿಡರ್

ಒಪ್ಪಿದೆ. ಮಗನ ಕಾರಿಗೆ ದಪ್ಪದ್ದು ಹಾಕಿಸು ಅಂತ ಹೇಳಿದ್ದೆ. ಈಗಲೇ ಫೋನ್ ಮಾಡಿ ಬೇಡ ಅನ್ನುತ್ತೇನೆ.

ಚಾಮುಂಡಿ ತಪ್ಪಲು

ಬೆಣ್ಣೆನಗರಿಯವರ ಎರಡನೇ ಪ್ರಶ್ನೆಗೆ, ಅಂದರೆ ಮೇಸ್ತ್ರಿಯನ್ನು ಹುಡುಕುವುದು ಹೇಗೆ ಅನ್ನುವುದಕ್ಕೆ, ನನ್ನ ಅನುಭವ ಹೇಳುತ್ತೇನೆ. ನಾನು ಮೈಸೂರಿನಲ್ಲಿ ಒಬ್ಬಳೇ ಕಾರು ನೋಡಿಕೊಳ್ಳುತ್ತೇನೆ. ಹೆಂಗಸು ಗ್ಯಾರೇಜಿಗೆ ಹೋದರೆ "ಸರ್ ಬಂದಿಲ್ವಾ ಮೇಡಂ?" ಅಂತ ಕೇಳುವವರು ಇನ್ನೂ ಇದ್ದಾರೆ.

ನಾನು ಮೊದಲು ಫೋನ್ ಮಾಡುತ್ತೇನೆ. "ನನ್ನ ಕಾರಿಗೆ ಎಷ್ಟು ಲೀಟರ್ ಆಯಿಲ್ ಹಿಡಿಯುತ್ತೆ, ಯಾವ ಗ್ರೇಡು?" ಅಂತ ಕೇಳುತ್ತೇನೆ. ಉತ್ತರ ನನಗೆ ಗೊತ್ತಿರುತ್ತದೆ, ಕೈಪಿಡಿ ನೋಡಿಕೊಂಡೇ ಕೇಳಿರುತ್ತೇನೆ. ಒಬ್ಬರು "ಅದೆಲ್ಲಾ ನಿಮಗ್ಯಾಕೆ ಮೇಡಂ, ನಾವು ನೋಡ್ಕೋತೀವಿ" ಅಂದರು. ಇನ್ನೊಬ್ಬರು "ಯಾವ ವರ್ಷದ್ದು ಮೇಡಂ? ಎಷ್ಟು ಓಡಿದೆ? ಒಂದ್ನಿಮಿಷ, ಪುಸ್ತಕ ನೋಡಿ ಹೇಳ್ತೀನಿ" ಅಂದರು. ನಾನು ಈ ಎರಡನೆಯವರ ಹತ್ತಿರ ಹೋದೆ. ಪುಸ್ತಕ ನೋಡುವುದಕ್ಕೆ ಅವರಿಗೆ ಸಂಕೋಚ ಇರಲಿಲ್ಲ. ಅದೇ ನನಗೆ ಹಿಡಿಸಿತು.

ಮೊದಲ ಸಲ ದೊಡ್ಡ ಕೆಲಸ ಕೊಡಲಿಲ್ಲ. ಎಸಿಯ ಕ್ಯಾಬಿನ್ ಫಿಲ್ಟರ್ ಬದಲಾಯಿಸಿ ಅಂದೆ. ಅವರು ಅದನ್ನು ಬಿಚ್ಚಿ, ಬೆಳಕಿಗೆ ಹಿಡಿದು, "ಇನ್ನೂ ಮೂರು ತಿಂಗಳು ನಡೆಯುತ್ತೆ, ಧೂಳು ಕೊಡವಿ ಹಾಕ್ತೀನಿ" ಅಂದರು. ದುಡ್ಡು ತಗೊಳ್ಳಲಿಲ್ಲ. ಆರು ವರ್ಷದಿಂದ ಅವರೇ ನನ್ನ ಮೇಸ್ತ್ರಿ. ಬೇಡ ಅಂತ ಹೇಳಬಲ್ಲವರನ್ನು ಹುಡುಕಿ ಅನ್ನುತ್ತೇನೆ.

ಶಿರಾಡಿ ಸವಾರ

ಕೆಂಪು ಲೈಟಿನ ವಿಷಯ ಹಾಸನದವರು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದರು. ಅದನ್ನು ನಾನು ಬಿಡಿಸಿ ಹೇಳಲೇಬೇಕು.

ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುತ್ತಿದ್ದೆ. ರಸ್ತೆ ಕಿತ್ತುಹೋಗಿತ್ತು. ಅಡಿಯಲ್ಲಿ ಧಡ್ ಅಂತ ಕಲ್ಲು ಬಡಿಯಿತು. ಸ್ವಲ್ಪ ದೂರ ಹೋದ ಮೇಲೆ ಎಣ್ಣೆ ಗಿಂಡಿಯ ಥರದ ಕೆಂಪು ಲೈಟು ಹತ್ತಿತು. ಆಯಿಲ್ ಸ್ವಲ್ಪ ಕಡಿಮೆ ಆಗಿರಬೇಕು, ಕೆಳಗೆ ಹೋಗಿ ಹಾಕಿಸೋಣ ಅಂದುಕೊಂಡೆ. ಎರಡೇ ಎರಡು ಕಿಲೋಮೀಟರ್. ಕಟಕಟ ಸದ್ದು ಬಂತು, ಇಂಜಿನ್ ನಿಂತಿತು, ಮತ್ತೆ ತಿರುಗಲಿಲ್ಲ. ಜಡಿಮಳೆಯಲ್ಲಿ ಹೆಂಡತಿ, ಎರಡು ಮಕ್ಕಳು ರಸ್ತೆ ಬದಿ ನಿಂತಿದ್ದರು. ಟೋ ಮಾಡಿಸಿದ್ದು, ಇಂಜಿನ್ ಇಳಿಸಿದ್ದು ಎಲ್ಲಾ ಸೇರಿ 70,000 ದಾಟಿತು.

ಆ ಲೈಟು ಆಯಿಲ್ ಎಷ್ಟಿದೆ ಅಂತ ಹೇಳುವುದಲ್ಲ. ಪ್ರೆಷರ್ ಇಲ್ಲ ಅಂತ ಹೇಳುವುದು. ಅಂದರೆ ಬೇರಿಂಗುಗಳಿಗೆ ಆಯಿಲ್ ಹೋಗುತ್ತಿಲ್ಲ. ಓಡುವಾಗ ಅದು ಹತ್ತಿದರೆ ಪಕ್ಕಕ್ಕೆ ತೆಗೆದು ತಕ್ಷಣ ಆಫ್ ಮಾಡಿ. "ಮುಂದಿನ ಊರಿನವರೆಗೆ" ಅನ್ನಬೇಡಿ. ನಾನು ಆಫ್ ಮಾಡಿದ್ದರೆ ಚೇಂಬರ್ ರಿಪೇರಿಯಲ್ಲೇ ಮುಗಿಯುತ್ತಿತ್ತು.

ತೀರ್ಥಹಳ್ಳಿ ಮಳೆ

ಎಲ್ಲರೂ ಒಳ್ಳೆ ವಿಷಯ ಹೇಳುತ್ತಿದ್ದೀರಿ. ನನಗೊಂದು ಹೆದರಿಕೆ. ಆಯಿಲ್ ಹಾಕುವ ಮುಚ್ಚಳ ಬಿಚ್ಚಿದರೆ ಒಳಗೆ ಬೆಣ್ಣೆ ಥರ ಬಿಳಿ ಹಳದಿ ಲೇಪ ಇದೆ. ಒಬ್ಬರು ಹೆಡ್ ಗ್ಯಾಸ್ಕೆಟ್ (ಕೂಲಂಟ್ ನೀರು ಆಯಿಲ್ಲಿಗೆ ಸೇರದ ಹಾಗೆ ತಡೆಯುವ ಇಂಜಿನ್ ಸೀಲು) ಹೋಗಿದೆ, 25,000 ಆಗುತ್ತೆ ಅಂದರು. ಕಾರು ದಿನಾ ಮನೆಯಿಂದ ಶಾಲೆಗೆ, ಎರಡು ಕಿಲೋಮೀಟರ್ ಅಷ್ಟೇ ಓಡುವುದು.

ಹಾಸನದ ಗ್ಯಾರೇಜು

ಅಕ್ಕ, ಹೆದರಬೇಡಿ. ದುಡ್ಡು ಕೊಡುವ ಮೊದಲು ಎರಡು ವಿಷಯ ನೋಡಿ. ಡಿಪ್‌ಸ್ಟಿಕ್‌ನಲ್ಲಿ ಬರುವ ಆಯಿಲ್ ಕೂಡ ಹಾಲು ಹಾಕಿದ ಕಾಫಿ ಥರ ಇದೆಯಾ? ಇಂಜಿನ್ ತಂಪು ಮಾಡುವ ಕೂಲಂಟ್ ಡಬ್ಬಿಯಲ್ಲಿ ಲೆವೆಲ್ ಇಳಿಯುತ್ತಿದೆಯಾ? ಎರಡೂ ಇಲ್ಲ, ಮುಚ್ಚಳದಲ್ಲಿ ಮಾತ್ರ ಇದೆ ಅಂದರೆ ಅದು ಬಹುಮಟ್ಟಿಗೆ ಮಳೆಗಾಲದ ತೇವ. ಎರಡು ಕಿಲೋಮೀಟರಿಗೆ ಇಂಜಿನ್ ಪೂರ್ತಿ ಬಿಸಿಯಾಗಲ್ಲ, ಒಳಗಿನ ನೀರಾವಿ ಆರಲ್ಲ, ತಣ್ಣಗಿರುವ ಮುಚ್ಚಳದಲ್ಲಿ ಕೂರುತ್ತದೆ. ವಾರಕ್ಕೊಮ್ಮೆ ಶಿವಮೊಗ್ಗದ ಕಡೆ ಒಂದು ಅರ್ಧ ಮುಕ್ಕಾಲು ಗಂಟೆ ಓಡಿಸಿಕೊಂಡು ಬನ್ನಿ. ನಿಮ್ಮಂಥ ಓಡಾಟಕ್ಕೆ 10,000 ಕಿಲೋಮೀಟರ್ ಕಾಯಬೇಡಿ, ವರ್ಷ ಆಗುವ ಮೊದಲೇ ಆಯಿಲ್ ಬದಲಾಯಿಸಿ. ಕೂಲಂಟ್ ಕಡಿಮೆ ಆಗುತ್ತಿದ್ದರೆ ಮಾತ್ರ ಓಡಿಸದೆ ತೋರಿಸಿ.

ಹೊಸ ಕಾರು ಹೊಸ ಚಿಂತೆ

ನನ್ನ ಕಾರಿಗೆ ಇನ್ನೂ ವಾರಂಟಿ ಇದೆ. ಹೊರಗೆ ಆಯಿಲ್ ಚೇಂಜ್ ಮಾಡಿಸಿದರೆ ವಾರಂಟಿ ಹೋಗುತ್ತದೆ ಅಂತಾರೆ, ನಿಜವಾ?

ಧಾರವಾಡ ಪೇಡೆ

ಕಾನೂನಿನ ಕಡೆಯಿಂದ ಹೇಳುತ್ತೇನೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳ ಮೇಲೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ ಹೊರಗೆ ಸಿಗದ ಹಾಗೆ ಮಾಡಿದ್ದೇ ಮುಖ್ಯ ದೂರು. ಹೊರಗಿನ ಗ್ಯಾರೇಜಿಗೆ ಹೋದರು ಅನ್ನುವ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಅನ್ನುವ ಷರತ್ತು ಹಾಕಬಾರದು ಅಂತಲೂ ಆ ಆದೇಶದಲ್ಲಿ ಇತ್ತು. ಕಂಪನಿಗಳು ಮೇಲ್ಮನವಿಗೆ ಹೋದವು. ಆದ್ದರಿಂದ ಕಾಗದದ ಮೇಲೆ ನಿಮಗೆ ಬಲ ಇದ್ದರೂ, ಇಂಜಿನ್ ತೊಂದರೆ ಬಂದಾಗ ವಾದ ಮಾಡುವವರು ನೀವೇ. ವಾರಂಟಿ ಇರುವವರೆಗೆ ಕಂಪನಿ ಸರ್ವಿಸ್ಸಿಗೇ ಹೋಗಿ. ಆದರೆ ಜಾಬ್ ಕಾರ್ಡಿನ ಮೇಲೆ "ಕೈಪಿಡಿಯಲ್ಲಿ ಇರುವುದು ಮಾತ್ರ, ಬೇರೆ ಕೆಲಸಕ್ಕೆ ಫೋನ್ ಮಾಡಿ ಕೇಳಿ" ಅಂತ ಬರೆಸಿ ಸಹಿ ಹಾಕಿ. ಅರ್ಧ ಬಿಲ್ ಅಲ್ಲೇ ಇಳಿಯುತ್ತದೆ.

ಬೆಣ್ಣೆನಗರಿಯವರೇ, ನಿಮ್ಮ ಹತ್ತಿರ ಬಿಲ್ ಇದೆ, ಫೋಟೋ ಇದೆ. ಮೊದಲು ಗ್ಯಾರೇಜಿಗೆ ಬರೆದು ಕೊಡಿ. ಕೇಳದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ.

ನ್ಯೂಜೆರ್ಸಿ ರಾಗಿಮುದ್ದೆ

ಇಲ್ಲಿ ಅಮೆರಿಕದಲ್ಲಿ ವಾರಂಟಿಗೆ 1975ರ ಕಾನೂನೇ ಇದೆ. ಹೊರಗೆ ಅಥವಾ ನಾನೇ ಆಯಿಲ್ ಬದಲಾಯಿಸಿದರೂ ಬರೀ ಅದಕ್ಕಾಗಿ ವಾರಂಟಿ ತೆಗೆಯುವ ಹಾಗಿಲ್ಲ. ಆಯಿಲ್, ಫಿಲ್ಟರ್ ತಂದ ರಸೀದಿ ಮತ್ತು ತಾರೀಕು ಇಟ್ಟುಕೊಂಡಿರಬೇಕು. ನಾನು ಮನೆ ಮುಂದೆ ನಾನೇ ಮಾಡುತ್ತೇನೆ. ಒಂದೇ ಒಂದು ಎಚ್ಚರಿಕೆ ಹೇಳುತ್ತೇನೆ: ಬರೀ ಜಾಕ್ ಮೇಲಿರುವ ಕಾರಿನ ಅಡಿಗೆ ಯಾವತ್ತೂ ಹೋಗಬೇಡಿ. ಸ್ಟ್ಯಾಂಡ್ ಕೊಟ್ಟ ಮೇಲೇ ಹೋಗಿ. ಜಾಕ್ ಜಾರೋಕೆ ಒಂದು ಕ್ಷಣ ಸಾಕು.

ಕೆಂಗೇರಿ ಕ್ಯಾಬ್

ನಕಲಿ ಆಯಿಲ್ ಬಗ್ಗೆ ಯಾರೂ ಹೇಳಲಿಲ್ಲ. ಖಾಲಿ ಡಬ್ಬ ಕೊಂಡುಕೊಳ್ಳುವವರು ಗ್ಯಾರೇಜು ಗ್ಯಾರೇಜು ಸುತ್ತುತ್ತಾರೆ. ಅದಕ್ಕೆ ಏನೋ ತುಂಬಿಸಿ, ಸೀಲ್ ಹಾಕಿ ಮತ್ತೆ ಮಾರುತ್ತಾರೆ. ನಾನು ಪೆಟ್ರೋಲ್ ಬಂಕಿನಲ್ಲಿ ಅಥವಾ ಜೆ.ಸಿ. ರಸ್ತೆಯಲ್ಲಿ ಗೊತ್ತಿರುವ ಅಂಗಡಿಯಲ್ಲಿ ಬಿಲ್ ಸಮೇತ ತರುತ್ತೇನೆ. ಸೀಲ್ ನನ್ನ ಮುಂದೆ ಒಡೆಯಬೇಕು. ಖಾಲಿಯಾದ ಡಬ್ಬಕ್ಕೆ ಸ್ಕ್ರೂಡ್ರೈವರಿನಲ್ಲಿ ನಾಲ್ಕು ತೂತು ಹೊಡೆದೇ ಬಿಸಾಡುತ್ತೇನೆ.

ಹಾಸನದ ಗ್ಯಾರೇಜು

ತೂತು ಹೊಡೆಯುವುದು ಬಹಳ ಒಳ್ಳೆ ಅಭ್ಯಾಸ. ನಮ್ಮ ಕಡೆಯದೂ ಒಂದು ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಮುಕ್ಕಾಲು ಗಂಟೆ ಅಡಿಯಲ್ಲಿ ಮಲಗಿ ಮಾಡಿದ ಕೆಲಸಕ್ಕೆ 400 ರೂಪಾಯಿ ಲೇಬರ್ ಹೇಳಿದರೆ 200 ಮಾಡಿಕೊಳ್ಳಿ ಅನ್ನುತ್ತಾರೆ. ಅದೇ ಜನ ಹೊಳಪಿನ ಡ್ರೆಸ್ಸಿಂಗಿಗೆ 600 ಕೊಟ್ಟು ಬರುತ್ತಾರೆ. ಲೇಬರ್ ಹಿಂಡಿದರೆ ಕೆಲವರು ವಾಷರಿನಲ್ಲಿ, ಫಿಲ್ಟರಿನಲ್ಲಿ ಅದನ್ನು ತುಂಬಿಕೊಳ್ಳುತ್ತಾರೆ. ತೊಟ್ಟು ನಿಲ್ಲುವವರೆಗೆ ಕಾಯುವ ಮೇಸ್ತ್ರಿಗೆ ಆ ಕಾಯುವ ಹೊತ್ತಿಗೂ ಕೂಲಿ ಕೊಡಿ.

ನಿಂತು ನೋಡಿ, ಹಳೇ ಫಿಲ್ಟರ್ ಕೇಳಿ. ಅದು ನಿಮ್ಮ ಹಕ್ಕು. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಮುಂದಿನ ಸಲ ಬೇರೆ ಕಡೆ ಹೋಗಿ.

ಬೆಣ್ಣೆನಗರಿ

ಹದಿನೈದು ದಿನ ಆಯಿತು. ಏನಾಯಿತು ಅಂತ ಹೇಳುತ್ತೇನೆ.

ಫೋಟೋ, ಬಿಲ್ಲು ತಗೊಂಡು ಅದೇ ಜಾಗಕ್ಕೆ ಹೋದೆ. ಮೊದಲು "ಹುಡುಗ ಮರೆತಿರಬೇಕು" ಅಂದರು. ಬರೆದ ಕಾಗದ ಕೊಟ್ಟು, ಅದರ ಪ್ರತಿ ಮೇಲೆ ಸಹಿ ಕೇಳಿದೆ. ಅರ್ಧ ಗಂಟೆಯಲ್ಲಿ ಫಿಲ್ಟರ್, ಫ್ಲಷ್, ಲೇಬರ್ ದುಡ್ಡು ವಾಪಸ್ ಕೊಟ್ಟರು. ಫ್ರೀಯಾಗಿ ಮತ್ತೆ ಮಾಡಿಕೊಡುತ್ತೇವೆ ಅಂದರು, ಬೇಡ ಅಂದೆ.

ಆಮೇಲೆ ಹಳೇ ಮೇಸ್ತ್ರಿಗೆ ಫೋನ್ ಮಾಡಿದೆ. ಇಷ್ಟು ದಿನ ಇದು ನನಗೆ ಹೊಳೆದೇ ಇರಲಿಲ್ಲ. ಅವರ ಹತ್ತಿರ ಒಂಬತ್ತು ವರ್ಷ ಕೆಲಸ ಕಲಿತ ಹುಡುಗ ಹರಿಹರದ ಕಡೆ ಸ್ವಂತ ಶೆಡ್ಡು ಹಾಕಿದ್ದಾನಂತೆ. "ಕೈ ನಿಧಾನ, ಆದರೆ ಕೆಲಸ ಕೆಡಿಸಲ್ಲ" ಅಂದರು. ಹೋದೆ. ಆಯಿಲ್ ನಾನೇ ಬಂಕಿನಿಂದ ತಂದಿದ್ದೆ. ಅವನು ಕಾರನ್ನು ಪಿಟ್ ಮೇಲೆ ನಿಲ್ಲಿಸಿ, "ಕೆಳಗೆ ಬನ್ನಿ ಸರ್, ಚಪ್ಪಲಿ ಜಾರುತ್ತೆ ಹುಷಾರು" ಅಂತ ಅವನೇ ಕರೆದ.

ಇಳಿದ ಆಯಿಲ್ ಪೂರ್ತಿ ಕಪ್ಪಗಿರಲಿಲ್ಲ. ಅಂದರೆ ಅವರು ಆಯಿಲ್ ಬದಲಾಯಿಸಿದ್ದರು, ಫಿಲ್ಟರ್ ಮಾತ್ರ ಬಿಟ್ಟಿದ್ದರು. ಆದರೆ ಡ್ರೈನ್ ಬೋಲ್ಟಿನ ಮೂಲೆಗಳು ಸವೆದು ದುಂಡಗಾಗಿದ್ದವು. ಗನ್ ಹಾಕಿದ್ದಾರೆ ಅಂದ. ಹೊಸ ಬೋಲ್ಟು, ಹೊಸ ವಾಷರ್ ತರಿಸಿದ. ಬರುವವರೆಗೆ ತೊಟ್ಟಿಕ್ಕಲು ಬಿಟ್ಟ. ಹಳೇ ಫಿಲ್ಟರ್ ಬಿಚ್ಚಿ ರಬ್ಬರ್ ರಿಂಗು ತೋರಿಸಿದ, ಇಂಜಿನ್ನಿನ ಮುಖವನ್ನು ಬಟ್ಟೆಯಲ್ಲಿ ಒರೆಸಿ ಬೆರಳಾಡಿಸಿ ನೋಡಿದ. ಪೇಂಟ್ ಪೆನ್ ಅವನ ಹತ್ತಿರ ಇರಲಿಲ್ಲ. ನಾನು ತಗೊಂಡು ಹೋಗಿದ್ದೆ. 83,610 ಅಂತ ನಾನೇ ಬರೆದು ಕೊಟ್ಟೆ. ಲೇಬರ್ 450 ಕೇಳಿದ, ಕೊಟ್ಟೆ.

ಒಂದು ಡೌಟು. ಇಳಿದ ಹಳೇ ಆಯಿಲ್ ಮನೆಗೆ ಒಯ್ದು ಬೇಲಿ ಕಂಬಕ್ಕೆ ಬಳಿಯೋಣ, ಗೆದ್ದಲು ಬರಲ್ಲ ಅಂತ ಅಪ್ಪ ಹೇಳಿದರು. ಹಾಗೆ ಮಾಡಬಹುದಾ?

ತೀರ್ಥಹಳ್ಳಿ ಮಳೆ

ನಮ್ಮಲ್ಲೂ ಮೊದಲು ಬಳಿಯುತ್ತಿದ್ದರು. ಈಗ ನಿಲ್ಲಿಸಿದ್ದೇವೆ. ಮೊದಲ ಮಳೆಗೇ ತೊಳೆದುಹೋಗಿ ತೋಟದ ಮಣ್ಣಿಗೆ, ಅಲ್ಲಿಂದ ಬಾವಿಗೆ ಇಳಿಯುತ್ತದೆ. ದಯವಿಟ್ಟು ಬೇಡ ಸರ್.

ಅಂದಹಾಗೆ ನನ್ನ ಕೂಲಂಟ್ ಲೆವೆಲ್ ಎರಡು ವಾರದಿಂದ ಅಲ್ಲೇ ಇದೆ. ಎರಡು ಭಾನುವಾರ ಶಿವಮೊಗ್ಗಕ್ಕೆ ಹೋಗಿ ಬಂದೆ, ಮುಚ್ಚಳದ ಲೇಪ ಹೆಚ್ಚುಕಮ್ಮಿ ಹೋಗಿದೆ. ಹಾಸನದ ಅಣ್ಣನಿಗೆ ತುಂಬಾ ಥ್ಯಾಂಕ್ಸ್.

ಹಾಸನದ ಗ್ಯಾರೇಜು

ಸಂತೋಷ ಅಕ್ಕ.

ಬೆಣ್ಣೆನಗರಿಯವರೇ, ಬಳಸಿದ ಆಯಿಲ್ 2016ರ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯ. ಗ್ಯಾರೇಜಿನಲ್ಲೇ ಬ್ಯಾರೆಲ್ಲಿಗೆ ಹಾಕಿಸಿ. ಮಾಲಿನ್ಯ ನಿಯಂತ್ರಣ ಮಂಡಳಿ ಅನುಮತಿ ಕೊಟ್ಟಿರುವವರಿಗೆ ಕೊಡುತ್ತಾನಾ ಅಂತ ಆ ಹುಡುಗನನ್ನು ಕೇಳಿ. ಇನ್ನೊಂದು ಕೆಲಸ ಬಾಕಿ ಇದೆ. ಒಂದು ರಾತ್ರಿ ಕಾರಿನ ಅಡಿಗೆ ಹಳೇ ಪೇಪರ್ ಹಾಸಿ, ಬೆಳಗ್ಗೆ ನೋಡಿ ಹೇಳಿ.

ಬೆಣ್ಣೆನಗರಿ

ಅವನು ಬ್ಯಾರೆಲ್ಲಿಗೇ ಹಾಕಿದ್ದಾನೆ, ತಿಂಗಳಿಗೊಮ್ಮೆ ಗಾಡಿ ಬಂದು ಒಯ್ಯುತ್ತದಂತೆ. ನಿನ್ನೆ ರಾತ್ರಿ ಪೇಪರ್ ಹಾಸಿದ್ದೆ. ಬೆಳಗ್ಗೆ ಅಪ್ಪನೂ ನಾನೂ ಎಳೆದು ನೋಡಿದೆವು. ಒಂದು ಹನಿಯೂ ಇಲ್ಲ.